ಚಿಕ್ಕ ಮಕ್ಕಳ ಟೀಚರ್‌ಗೆ ಯಾವ ತರಬೇತಿ? ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಕಲಿಸುವವರು ಕೆಲಸಕ್ಕೆ ಸೇರಿದ ಮೇಲೂ ಕಲಿಯುತ್ತಿರಬೇಕು. ಅದಕ್ಕೆ ಯಾರ ತಕರಾರೂ ಇಲ್ಲ. ಹೇಗೆ ಕಲಿಯಬೇಕು ಅನ್ನುವುದರಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಮಾತು. ಒಂದು ದಿನದ ಕಾರ್ಯಾಗಾರ, ಆನ್‌ಲೈನ್ ಕೋರ್ಸ್, ತರಗತಿಗೇ ಬಂದು ಕೂರುವ ಮಾರ್ಗದರ್ಶಕಿ, ಸಹೋದ್ಯೋಗಿಗಳ ಗುಂಪು: ಈ ನಾಲ್ಕನ್ನೂ ಮಾಡಿ ನೋಡಿದ್ದೇನೆ. ಹೋಲಿಸಲು ಒಂದು ಅಳತೆ ಬೇಕಲ್ಲ, ಅದಕ್ಕೆ ಒಂದೇ ಕೆಲಸವನ್ನು ಇಟ್ಟುಕೊಂಡೆ. ಕತೆ ಪುಸ್ತಕ ಓದುವಾಗ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯುವುದು.

ಸುಲಭ ಅನ್ನಿಸುತ್ತೆ ಅಲ್ವಾ? ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಇದನ್ನು ಅಳೆದರು. ಟೀಚರುಗಳು ಪ್ರಶ್ನೆ ಕೇಳಿದ ಮೇಲೆ ಕಾಯುತ್ತಿದ್ದದ್ದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡ್ ಮಾಡಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡತೊಡಗಿದರು. ಚಿಕ್ಕ ಮಕ್ಕಳೆದುರು 3 ಸೆಕೆಂಡ್ ಬಾಯಿ ಮುಚ್ಚಿಕೊಂಡು ನಿಲ್ಲುವುದು ಎಷ್ಟು ಕಷ್ಟ ಅಂತ ನಿಂತವರಿಗೇ ಗೊತ್ತು.

ಕಾರ್ಯಾಗಾರದಿಂದ ಶುರು ಮಾಡುತ್ತೇನೆ. ಹುರುಪು ಬರುತ್ತೆ, ಅದು ನಿಜ. ಬೇರೆ ಶಾಲೆಯವರ ಪರಿಚಯವಾಗುತ್ತೆ, ಚೀಲದ ತುಂಬ ಹಾಳೆಗಳೂ ಸಿಗುತ್ತವೆ. ಆದರೆ ಡೆಮೊ ಪಾಠದಲ್ಲಿ ಮಕ್ಕಳಾಗಿ ಕೂರುವವರು ಟೀಚರುಗಳೇ. ಅಲ್ಲಿ ಯಾರಿಗೂ ನಡುವೆ ಒಂದಕ್ಕೆ ಹೋಗಬೇಕಾಗುವುದಿಲ್ಲ, ಯಾರೂ ಪಕ್ಕದವರ ಕೂದಲು ಎಳೆಯುವುದಿಲ್ಲ. ಪ್ರಶ್ನೆ ಕೇಳಿದ ಕೂಡಲೇ ಹತ್ತು ಕೈ ಮೇಲೆ. ಹಾಗಿದ್ದರೆ ಕಾಯುವುದನ್ನು ಅಭ್ಯಾಸ ಮಾಡುವುದು ಎಲ್ಲಿಂದ ಬಂತು? ಶಾಲಾ ಶಿಕ್ಷಕರ ತರಬೇತಿಯ ಬಗ್ಗೆ ಅಮೆರಿಕದಲ್ಲಿ 2007ರಲ್ಲಿ ಬಂದ ಒಂದು ಪರಿಶೀಲನೆ 1300ಕ್ಕೂ ಹೆಚ್ಚು ಅಧ್ಯಯನಗಳನ್ನು ಜರಡಿ ಹಿಡಿದು 9ನ್ನು ಮಾತ್ರ ಉಳಿಸಿಕೊಂಡಿತು. ಅವುಗಳಲ್ಲಿ ತರಬೇತಿ 14 ಗಂಟೆಗಿಂತ ಜಾಸ್ತಿ ಇದ್ದ ಕಡೆ ಮಕ್ಕಳ ಕಲಿಕೆಯಲ್ಲಿ ಸ್ಪಷ್ಟ ಬದಲಾವಣೆ ಕಂಡಿತ್ತು. ಅದಕ್ಕಿಂತ ಕಡಿಮೆ ಇದ್ದ ಕಡೆ ಕಾಣಲಿಲ್ಲ. ಒಂದು ದಿನದ ಕಾರ್ಯಾಗಾರ ಅಂದರೆ ಊಟ, ಸ್ವಾಗತ ಭಾಷಣ ಎಲ್ಲ ಸೇರಿ ಆರೇಳು ಗಂಟೆ.

ಆನ್‌ಲೈನ್ ಕೋರ್ಸ್‌ನಲ್ಲಿ ತಿಳಿವಳಿಕೆ ಕಾರ್ಯಾಗಾರಕ್ಕಿಂತ ಚೆನ್ನಾಗಿ ಸಿಗುತ್ತೆ. ಮಗುವಿನ ಭಾಷೆ ಹೇಗೆ ಬೆಳೆಯುತ್ತೆ, ಒಂದೇ ಪದದ ಉತ್ತರವನ್ನು ಟೀಚರ್ ಹೇಗೆ ಹಿಗ್ಗಿಸಿ ಮಗುವಿಗೆ ತಿರುಗಿ ಹೇಳಬೇಕು, ಇವೆಲ್ಲ ನನಗೆ ಸರಿಯಾಗಿ ಅರ್ಥವಾದದ್ದು ವಿಡಿಯೋವನ್ನು ಹಿಂದೆ ಮುಂದೆ ಓಡಿಸಿ ನೋಡಿದಾಗ. ಅರ್ಥವಾಗದಿದ್ದರೆ ಮತ್ತೆ ನೋಡಬಹುದು, ಯಾರೂ ಮುಖ ನೋಡುವುದಿಲ್ಲ. ತೊಂದರೆ ಇರುವುದು ಮುಗಿಸುವುದರಲ್ಲಿ. ಎಂಐಟಿ ಮತ್ತು ಹಾರ್ವರ್ಡ್‌ನ ಉಚಿತ ಆನ್‌ಲೈನ್ ಕೋರ್ಸ್‌ಗಳಲ್ಲಿ 2017-18ರಲ್ಲಿ ಸೇರಿದವರ ಪೈಕಿ ನೂರಕ್ಕೆ ಸುಮಾರು 3 ಮಂದಿ ಮುಗಿಸಿದ್ದರು. ದಿನವಿಡೀ ಮಕ್ಕಳ ಹಿಂದೆ ಓಡಿ ಬಂದು ರಾತ್ರಿ ಮೊಬೈಲ್ ಹಿಡಿದು ಕೂರುವವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮುಗಿಸಿದರೂ ಅಷ್ಟೇ. ಎಷ್ಟು ಸೆಕೆಂಡ್ ಕಾಯಬೇಕು ಅಂತ ಕ್ವಿಜ್ ಕೇಳುತ್ತೆ, 3 ಅಂತ ಒತ್ತಿದರೆ ಅಂಕ. ಮರುದಿನ ತರಗತಿಯಲ್ಲಿ ಕಾದೆನೋ ಇಲ್ಲವೋ ಅದಕ್ಕೆ ಹೇಗೆ ಗೊತ್ತಾಗಬೇಕು?

ಇನ್ನು ಮಾರ್ಗದರ್ಶಕಿಯ ವಿಷಯ. ಇಲ್ಲಿ ನನ್ನ ಮಾತು ಉದ್ದವಾಗುತ್ತೆ, ಯಾಕೆಂದರೆ ಇದರಲ್ಲಿ ಎರಡು ತೀರಾ ಬೇರೆ ಬೇರೆ ಅನುಭವಗಳಿವೆ.

ಮೊದಲು ಬಂದವರು ನಮ್ಮ ಕೆಲಸದ ವರದಿಯನ್ನೂ ಬರೆಯುತ್ತಿದ್ದರು. ಅವರು ಬರುವ ದಿನ ಗೋಡೆ ತುಂಬ ಹೊಸ ಚಾರ್ಟು, ಮಕ್ಕಳಿಗೆ ಬಾಯಿಪಾಠವಾಗಿರುವ ಕತೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ನನಗೆ ಕಷ್ಟವಾಗುತ್ತಿದ್ದ ಪಾಠವನ್ನು ವರದಿ ಬರೆಯುವವರ ಮುಂದೆ ಯಾಕೆ ಮಾಡಲಿ? ಅವರು ಕೆಟ್ಟವರಲ್ಲ. ಕೈಯಲ್ಲಿ ವರದಿ ಪುಸ್ತಕ ಇದ್ದದ್ದೇ ತೊಂದರೆ.

ಆಮೇಲೆ ಬಂದ ಮೇಡಂಗೆ ಆ ಅಧಿಕಾರ ಇರಲಿಲ್ಲ. ಬರುವ ಮುಂಚೆ, “ಇವತ್ತು ನಾನು ಏನನ್ನು ನೋಡಲಿ?” ಅಂತ ನನ್ನನ್ನೇ ಕೇಳುತ್ತಿದ್ದರು. ಕಾಯುವುದನ್ನು ನೋಡಿ ಅಂದೆ. ಮೂಲೆಯಲ್ಲಿ ಕೂತು, ಪ್ರತಿ ಪ್ರಶ್ನೆಯ ಮುಂದೆ ಸೆಕೆಂಡನ್ನೂ ಉತ್ತರ ಕೊಟ್ಟ ಮಗುವಿನ ಹೆಸರನ್ನೂ ಬರೆದರು. ಸಲಹೆ ಅಂತ ಒಂದೂ ಹೇಳಲಿಲ್ಲ, ಆ ಹಾಳೆ ಕೊಟ್ಟರು ಅಷ್ಟೇ. ಅದೇ ನಾಲ್ಕು ಹೆಸರು ಮೇಲಿಂದ ಕೆಳಗಿನ ತನಕ. ಹಾಳೆ ನೋಡಿದ ಮೇಲೆ ಉಪದೇಶ ಬೇಕಾಗಲಿಲ್ಲ. ಮುಂದಿನ ಸಲ ಅವರು ಬರುವಷ್ಟರಲ್ಲಿ ನಾನು ಪ್ರಶ್ನೆ ಕೇಳಿ ಮನಸ್ಸಿನಲ್ಲೇ ಎಣಿಸಲು ಶುರು ಮಾಡಿದ್ದೆ, ಪಟ್ಟಿಗೆ ಹೊಸ ಹೆಸರುಗಳೂ ಸೇರಿದ್ದವು.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದ ಸಂಶೋಧಕ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಇಂಥ ಮಾರ್ಗದರ್ಶನದ (ಕೋಚಿಂಗ್) ಬಗ್ಗೆ 60 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಕಲಿಸುವ ರೀತಿಯಲ್ಲಿ ಒಳ್ಳೆಯ ಸುಧಾರಣೆ ಕಂಡಿತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಕಡಿಮೆ. ಒಬ್ಬ ಮಾರ್ಗದರ್ಶಕಿಗೆ ಲೆಕ್ಕವಿಲ್ಲದಷ್ಟು ಶಾಲೆ ಹಂಚಿದರೆ ಬಂದು ಸಹಿ ಹಾಕಿ ಹೋಗುವುದಷ್ಟೇ ಉಳಿಯುತ್ತೆ. ಖರ್ಚೂ ಜಾಸ್ತಿ. ಇದಕ್ಕೆ ವರ್ಜೀನಿಯಾ ವಿಶ್ವವಿದ್ಯಾಲಯದ ‘ಮೈ ಟೀಚಿಂಗ್ ಪಾರ್ಟ್‌ನರ್’ ಅನ್ನುವ ಕಾರ್ಯಕ್ರಮ ಒಂದು ದಾರಿ ಹುಡುಕಿತು. ಟೀಚರ್ ತಮ್ಮ ಪಾಠದ ವಿಡಿಯೋ ಕಳಿಸುತ್ತಾರೆ. ಕೋಚ್ ಅದರಿಂದ ಚಿಕ್ಕ ತುಣುಕುಗಳನ್ನು ಆರಿಸಿ, ಅವುಗಳ ಮೇಲೆ ಪ್ರಶ್ನೆ ಕೇಳಿ, ಮಾತಾಡುತ್ತಾರೆ. ಎರಡು ವಾರಕ್ಕೊಂದು ಸುತ್ತು.

ವಿಡಿಯೋ ಅನ್ನುವುದನ್ನು ನಾವು ಸಹೋದ್ಯೋಗಿಗಳ ಗುಂಪಿಗೂ ತಂದೆವು. ಅದಕ್ಕೆ ಮುಂಚೆ ನಮ್ಮ ಗುಂಪು ಹೆಸರಿಗಷ್ಟೇ ಇತ್ತು. ಪೋಷಕರ ಬಗ್ಗೆ, ಸಂಬಳದ ಬಗ್ಗೆ ಗೊಣಗಿ ಎದ್ದು ಹೋಗುತ್ತಿದ್ದೆವು. (ಅದೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ತರಬೇತಿ ಅಂತ ಬರೆದುಕೊಳ್ಳಬಾರದು.) ಆಮೇಲೆ ನಿಯಮ ಮಾಡಿಕೊಂಡೆವು. ಒಬ್ಬರು ಎರಡು ನಿಮಿಷದ ತುಣುಕು ತರಬೇಕು, ಒಂದೇ ಪ್ರಶ್ನೆ ಕೇಳಬೇಕು, ಕ್ಯಾಮೆರಾ ಟೀಚರ್ ಕಡೆಗಲ್ಲ, ಮಕ್ಕಳ ಕಡೆಗೆ. ಪೋಷಕರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಇಲ್ಲ, ನೋಡಿದ ಮೇಲೆ ಅಳಿಸಿಬಿಡಬೇಕು. ಒಂದು ತುಣುಕಿನಲ್ಲಿ ಹಿಂದೆ ಕೂತ ಹುಡುಗಿ ಹೇಳಲು ಬಾಯಿ ತೆರೆಯುತ್ತಾಳೆ, ಅಷ್ಟರಲ್ಲಿ ಮುಂದಿನವನು ಕೂಗಿಬಿಡುತ್ತಾನೆ, ಅವಳು ಬಾಯಿ ಮುಚ್ಚುತ್ತಾಳೆ. ಪಾಠ ಮಾಡುವಾಗ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಜಪಾನಿನಲ್ಲಿ ಶಿಕ್ಷಕರು ಒಟ್ಟಿಗೆ ಪಾಠ ಯೋಜಿಸಿ, ಒಬ್ಬರು ಕಲಿಸುವಾಗ ಉಳಿದವರು ಮಕ್ಕಳನ್ನು ಗಮನಿಸುವ ಪದ್ಧತಿ ಬಹಳ ಕಾಲದಿಂದ ಇದೆ. ನಮ್ಮದು ಅದರ ಚಿಕ್ಕ ರೂಪ ಅನ್ನಬಹುದು.

ಒಂದನ್ನೇ ಆರಿಸಿ ಅಂದರೆ? ಕೆಲಸಕ್ಕೆ ಹೊಸಬರಿಗೆ ಮಾರ್ಗದರ್ಶಕಿಯೇ ಬೇಕು, ಅದೂ ವರದಿ ಬರೆಯದವರು. ತುಣುಕಿನಲ್ಲಿ ಏನನ್ನು ನೋಡಬೇಕು ಅಂತ ಹೊಸದರಲ್ಲಿ ತಿಳಿಯುವುದಿಲ್ಲ. ಕೆಲವು ವರ್ಷ ಕಲಿಸಿದವರಿಗೆ ನಾನು ಗುಂಪನ್ನೇ ಹೇಳುತ್ತೇನೆ, ಆದರೆ ಅದಕ್ಕೆ ಶಾಲೆ ಕೆಲಸದ ಅವಧಿಯಲ್ಲೇ ಸಮಯ ಕೊಡಬೇಕು. ಮಕ್ಕಳು ಮನೆಗೆ ಹೋದ ಮೇಲೆ ಮಾಡಿಕೊಳ್ಳಿ ಅಂದರೆ ಎರಡು ತಿಂಗಳಲ್ಲಿ ನಿಂತುಹೋಗುತ್ತೆ. ಹೊಸ ವಿಷಯ ತಿಳಿಯಬೇಕಾದಾಗ ಆನ್‌ಲೈನ್ ಕೋರ್ಸ್ ಇದ್ದೇ ಇದೆ, ಬೇಕಾದ ಭಾಗ ಮಾತ್ರ ನೋಡಿದರೂ ನಷ್ಟವಿಲ್ಲ. ಕಾರ್ಯಾಗಾರಕ್ಕೆ ಕರೆ ಬಂದರೆ ನಾನು ಈಗ ಒಂದೇ ಮಾತು ಕೇಳುತ್ತೇನೆ: ಮುಗಿದ ಮೇಲೆ ನಮ್ಮ ತರಗತಿಗೆ ಯಾರು, ಯಾವಾಗ ಬರುತ್ತಾರೆ? ತಾರೀಕು ಹೇಳಿದರೆ ಹೋಗುತ್ತೇನೆ.