ದಪ್ಪ ನಿಯೋಪ್ರೀನ್ ಮಾರಿ ತೆಳು ವೇಡರ್ ತಗೊಂಡೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತೆಳು ವೇಡರ್‌ಗೆ. ವೇಡರ್ ಅಂದರೆ ನೀರಿಗಿಳಿಯುವಾಗ ಹಾಕುವ, ಎದೆಯವರೆಗೆ ಬರುವ, ಬೂಟೂ ಸೇರಿದ, ನೀರು ಒಳಗೆ ಬಿಡದ ಪ್ಯಾಂಟು. ಚಳಿಗಾಲದ ಬಾತುಕೋಳಿ ಬೇಟೆಗೆ ಈಗ ನಾನು ಹಾಕುವುದು ಉಸಿರಾಡುವ ಬಟ್ಟೆಯದ್ದು, ಒಳಗೆ ರಜಾಯಿ ಥರ ಹೊಲಿದ, ಬೇಡವೆಂದರೆ ಬಿಚ್ಚಿಡಬಹುದಾದ ಲೈನರ್. ಅದಕ್ಕೆ ಮುಂಚೆ ಎರಡು ಸೀಸನ್ 5 ಮಿ.ಮೀ. ದಪ್ಪದ ನಿಯೋಪ್ರೀನ್ (ರಬ್ಬರ್ ಫೋಮಿನ) ವೇಡರ್ ಹಾಕಿಕೊಂಡು ಒದ್ದಾಡಿದ್ದೇನೆ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಯಾರಿಗಾದರೂ ನಿಯೋಪ್ರೀನೇ ಬೆಚ್ಚಗೆ ಅನ್ನಿಸುತ್ತದೆ. ದಪ್ಪ ಇದೆ, ಮೆತ್ತಗಿದೆ, ಮೈಗೆ ಅಂಟಿ ಕೂರುತ್ತದೆ. ನಾನೂ ಹಾಗೇ ಮೋಸಹೋದೆ.

ನಾನು ಕೂರುವ ಜಾಗಕ್ಕೆ ದೋಣಿ ಹೋಗುವುದಿಲ್ಲ. ಬೆಳಕು ಹರಿಯುವ ಮುಂಚೆ, ಬೆನ್ನ ಮೇಲೆ ಡಿಕಾಯ್ (ಬಾತುಗಳನ್ನು ಸೆಳೆಯುವ ನಕಲಿ ಬಾತು) ಚೀಲ ಹೊತ್ತು, ಮೊಣಕಾಲುದ್ದ ಕೆಸರಿನಲ್ಲಿ ಹತ್ತಿರಹತ್ತಿರ ಎರಡು ಕಿಲೋಮೀಟರ್ ನಡೆಯಬೇಕು. ನಿಯೋಪ್ರೀನ್ ಹಾಕಿಕೊಂಡು ನಡೆದರೆ ಅರ್ಧ ದಾರಿಗೇ ಬನಿಯನ್ ಬೆನ್ನಿಗೆ ಅಂಟಿರುತ್ತಿತ್ತು. ಜೊಂಡಿನ ಮರೆಯಲ್ಲಿ ಕೂತು ಅರ್ಧ ಗಂಟೆ ಹಾಯಾಗಿರುತ್ತಿತ್ತು. ಆಮೇಲೆ ಸೊಂಟದಿಂದ ಕೆಳಗೆ ನಡುಕ ಶುರು. ಮೊಣಕಾಲ ಹತ್ತಿರ, ತೊಡೆಸಂದಿನಲ್ಲಿ ತಣ್ಣಗೆ ಒದ್ದೆ.

ಸೋರುತ್ತಿದೆ ಅಂತಲೇ ತೀರ್ಮಾನಿಸಿದೆ. ಹೊಲಿಗೆಗಳೆಲ್ಲ ಬಂದು ಸೇರುವ ತೊಡೆಸಂದಿನ ಮೇಲೆಯೇ ಅನುಮಾನ. ನಡೆಯುವಾಗ ಎಳೆತ ಬೀಳುವುದೂ ಅಲ್ಲಿಗೇ. ಒಂದು ಟ್ಯೂಬ್ ಯುರಿಥೇನ್ ಅಂಟು ತಂದು ಧಾರಾಳವಾಗಿ ಬಳಿದೆ. ಮುಂದಿನ ಸಲವೂ ಒದ್ದೆ. ಇನ್ನೊಂದು ಪದರ ಬಳಿದೆ. ಆಗಲೂ ಒದ್ದೆ. ಕೊನೆಗೆ ವೇಡರನ್ನು ತೊಲೆಗೆ ನೇತುಹಾಕಿ, ಎರಡೂ ಕಾಲಿಗೆ ಬಕೆಟ್‌ನಿಂದ ತೊಡೆಯ ಮಟ್ಟಕ್ಕಿಂತ ಮೇಲೆ ನೀರು ತುಂಬಿ, ಕೆಳಗೆ ಹಳೆಯ ಪೇಪರ್ ಹಾಸಿ ಒಂದು ಗಂಟೆ ಕಾದೆ. ಹೊಲಿಗೆ ಹೊಲಿಗೆಯನ್ನೂ ಬೆರಳಿನಿಂದ ಒತ್ತಿ ನೋಡಿದೆ. ಪೇಪರ್ ಗರಿಗರಿಯಾಗಿಯೇ ಇತ್ತು. ಒಂದು ಹನಿಯೂ ಬಿದ್ದಿರಲಿಲ್ಲ.

ಅಂದರೆ ಅಷ್ಟೂ ನೀರು ನನ್ನದೇ ಬೆವರು!

ನಿಯೋಪ್ರೀನ್ ಅಂದರೆ ಒಳಗೆಲ್ಲ ಸಣ್ಣ ಸಣ್ಣ ಅನಿಲದ ಗುಳ್ಳೆಗಳಿರುವ ರಬ್ಬರ್ ಫೋಮು. ಬಿಸಿಯನ್ನು ತಡೆದು ಹಿಡಿಯುವುದು ಆ ಗುಳ್ಳೆಗಳೇ. ಆದರೆ ಹೊರಗಿನ ನೀರನ್ನು ಒಳಗೆ ಬಿಡದ ರಬ್ಬರ್ ಒಳಗಿನ ಆವಿಯನ್ನೂ ಹೊರಗೆ ಬಿಡುವುದಿಲ್ಲ. ಗಾಳಿಗಿಂತ ನೀರು ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬೆವರಿನಲ್ಲಿ ತೊಯ್ದ ಬಟ್ಟೆ ಮೈಗೆ ಅಂಟಿದ ಮೇಲೆ ಹೊರಗಿನ ದಪ್ಪಕ್ಕೆ ಅರ್ಥವೇ ಇಲ್ಲ. ವೇಡರಿನ ಮೇಲ್ಭಾಗವನ್ನು ಸೊಂಟದವರೆಗೆ ಕೆಳಗೆ ಸುತ್ತಿಕೊಂಡು ನಡೆದು ನೋಡಿದೆ. ಸ್ವಲ್ಪ ವಾಸಿ ಅನ್ನುವಷ್ಟರಲ್ಲಿ ಗುಂಡಿಯೊಂದಕ್ಕೆ ಕಾಲಿಟ್ಟೆ, ಈ ಸಲ ನಿಜವಾದ ನೀರೇ ಒಳಗೆ ಬಂತು. ಒಣಗಿಸುವ ಕಷ್ಟ ಬೇರೆ. ಬೂಟು ಅದಕ್ಕೇ ಅಂಟಿಕೊಂಡಿರುವುದರಿಂದ ಒಳಮೈಯನ್ನು ಪಾದದವರೆಗೆ ಮಗುಚುವುದಕ್ಕಾಗುವುದಿಲ್ಲ. ಸಾಲಾಗಿ ಎರಡು ದಿನ ಹೋದರೆ ಎರಡನೆಯ ಬೆಳಿಗ್ಗೆ ಆ ಹಸಿ ಕೊಳವೆಯೊಳಗೆ ಕಾಲು ತೂರಿಸುವ ಸುಖ ಶತ್ರುವಿಗೂ ಬೇಡ.

ತೆಳು ವೇಡರ್‌ನ ಬಟ್ಟೆಗೆ ಸ್ವಂತ ಬಿಸಿ ಇಲ್ಲವೇ ಇಲ್ಲ. ಬರೀ ಅದನ್ನೇ ಹಾಕಿಕೊಂಡು ತಣ್ಣೀರಿಗಿಳಿದರೆ ಕೊಡೆಯ ಬಟ್ಟೆ ಸುತ್ತಿಕೊಂಡ ಹಾಗೆ. ನೈಲಾನ್ ಪದರಗಳ ನಡುವೆ ಒಂದು ಪೊರೆ ಇರುತ್ತದೆ, ನೀರನ್ನು ತಡೆದು ಆವಿಯನ್ನು ಮಾತ್ರ ಬಿಡುತ್ತದೆ. ನೀರಲ್ಲಿ ಮುಳುಗಿದ ಭಾಗದಲ್ಲಿ ಈ ಕೆಲಸ ಅಷ್ಟಾಗಿ ನಡೆಯುವುದಿಲ್ಲ, ಅದನ್ನೂ ಹೇಳಬೇಕು. ಆದರೆ ನಾನು ಬೆವರುವುದು ನಡೆಯುವಾಗ, ಆಗ ಮೊಣಕಾಲಿನಿಂದ ಮೇಲೆಲ್ಲ ಗಾಳಿಯಲ್ಲೇ ಇರುತ್ತದೆ. ಲೈನರನ್ನು ಅಲ್ಲಿಗೆ ಹೋದಮೇಲೆ ಹಾಕಿಕೊಂಡರಾಯಿತು ಅಂದುಕೊಂಡಿದ್ದೆ. ಕೆಸರಲ್ಲಿ ನಿಂತು ಬೂಟು ಕಳಚುವುದು ಎಲ್ಲಿಯ ಮಾತು? ಈಗ ತೆಳ್ಳನೆಯ ಉಣ್ಣೆ ಪ್ಯಾಂಟ್, ಮೇಲೆ ಲೈನರ್, ಎದೆಯ ಜಿಪ್ಪು ಹೊಕ್ಕುಳವರೆಗೆ ತೆರೆದು, ಜಾಕೆಟ್ಟನ್ನು ಚೀಲದಲ್ಲಿಟ್ಟು ನಡೆಯುತ್ತೇನೆ. ಕೂತ ಮೇಲೆ ಜಾಕೆಟ್ ಹಾಕಿ ಜಿಪ್ಪು ಎಳೆದರೆ ಆಯಿತು. ನಾಲ್ಕು ಗಂಟೆ ಕೂತು ಎದ್ದರೂ ಒಳಬಟ್ಟೆ ಬರೀ ಸ್ವಲ್ಪ ತೇವ, ಅಷ್ಟೇ.

ಅಂದಹಾಗೆ, ಮೂತ್ರಕ್ಕೆ ಹೋಗಬೇಕಾದಾಗ ಆ ಜಿಪ್ಪಿನ ಬೆಲೆ ಗೊತ್ತಾಗುತ್ತದೆ. ಹಲ್ಲುಗಳಿಗೆ ಆಗಾಗ ಅದರದ್ದೇ ಗ್ರೀಸ್ ಸವರದಿದ್ದರೆ ಮಾತ್ರ ಮುಷ್ಕರ ಹೂಡುತ್ತದೆ.

ಗಟ್ಟಿತನದಲ್ಲಿ ನಿಯೋಪ್ರೀನೇ ಮೇಲು, ಅದನ್ನು ಒಪ್ಪಬೇಕು. ಮುಳ್ಳು ಚುಚ್ಚಿದರೂ ಎಷ್ಟೋ ಸಲ ಫೋಮಿನಲ್ಲೇ ನಿಂತುಬಿಡುತ್ತದೆ. ತೆಳುವಿಗೆ ಆ ಭಾಗ್ಯವಿಲ್ಲ. ಮೊಣಕಾಲಿಗೆ ಎರಡು ಪದರವಿದ್ದರೂ ನನ್ನದಕ್ಕೆ ಎರಡನೇ ಸೀಸನ್‌ನಲ್ಲಿ ಎಲ್ಲೋ ತೂತು ಬಿತ್ತು. ಹುಡುಕುವುದು ಸುಲಭವಾದ್ದರಿಂದ ಬಚಾವ್: ಒಳಗುಹೊರಗು ಮಾಡಿ ರಬ್ಬಿಂಗ್ ಆಲ್ಕೋಹಾಲ್ ಚಿಮುಕಿಸಿದರೆ ತೂತಿದ್ದ ಕಡೆ ಕಪ್ಪು ಚುಕ್ಕೆ ಮೂಡುತ್ತದೆ. ನನಗೆ ಸಿಕ್ಕಿದ್ದು ಸಾಸಿವೆ ಕಾಳಿನಷ್ಟು, ಅದೂ ಮೊಣಕಾಲಿನ ಪಟ್ಟಿಯಿಂದ ಎರಡು ಬೆರಳು ಆಚೆ. ಒಂದು ತೊಟ್ಟು ಅಂಟಿಟ್ಟು ರಾತ್ರಿಯಿಡೀ ಬಿಟ್ಟೆ. ಇವತ್ತಿಗೂ ಸೋರಿಲ್ಲ. ಮುಳ್ಳುತಂತಿ ದಾಟಿ ಹೋಗುವವರು ಮಾತ್ರ ಎರಡು ಸಲ ಯೋಚಿಸಿ.

ಬೂಟಿನ ವಿಷಯದಲ್ಲಿ ತಪ್ಪು ಮಾಡಿದ್ದು ನಾನೇ. 1,600 ಗ್ರಾಂ ಅಂತ ಬರೆದಿದ್ದಾರೆ, ಇನ್ನೇನು ಬೇಕು ಅಂತ ನನ್ನ ಮಾಮೂಲಿ ಸೈಜಿನದೇ ತಗೊಂಡು, ಒಳಗೆ ಎರಡೆರಡು ಕಾಲುಚೀಲ ತುರುಕಿದೆ. ಬೆರಳು ಮರಗಟ್ಟಿತು. ಆ ಗ್ರಾಂ ಲೆಕ್ಕ ಬೂಟಿನ ತೂಕವಲ್ಲ, ಒಳಗಿನ ಬೆಚ್ಚನೆಯ ಪದರ ಚದರ ಮೀಟರ್‌ಗೆ ಎಷ್ಟು ತೂಗುತ್ತದೆ ಅನ್ನುವುದು. ಬಿಗಿಯಾಗಿ ಅದುಮಿದರೆ ಆ ಪದರವೂ ಚಪ್ಪಟೆ, ಕಾಲಿನ ರಕ್ತಸಂಚಾರವೂ ಕಡಿಮೆ. ಈಗಿನದು 1,200 ಗ್ರಾಂ, ಒಂದು ಸೈಜ್ ದೊಡ್ಡದು, ಒಂದೇ ಒಂದು ದಪ್ಪ ಉಣ್ಣೆ ಕಾಲುಚೀಲ. ಬೆರಳು ಆಡಿಸುವಷ್ಟು ಜಾಗ ಇದೆ.

ಪಿವಿಸಿಯದ್ದೂ ಒಂದು ಸಲ ಹಾಕಿದ್ದೆ. ಚಳಿಗೆ ಸೆಟೆದು ಮಡಿಕೆಯಲ್ಲೇ ಬಿರುಕು ಬಿಟ್ಟಿತು, ಅದರ ಬಗ್ಗೆ ಇಷ್ಟು ಸಾಕು. ವೇಡರ್ ಮೇಲೆ ಸೊಂಟಕ್ಕೆ ಬಿಗಿಯುವ ಬೆಲ್ಟ್ ಯಾವುದಕ್ಕಾದರೂ ಬೇಕೇ ಬೇಕು. ಬಿದ್ದಾಗ ಒಳಗೆ ನುಗ್ಗುವ ನೀರನ್ನು ತಡೆಯುವುದು ಅದೊಂದೇ. ತಗೊಳ್ಳುವಾಗ ಲೈನರ್, ಒಳಬಟ್ಟೆ ಎಲ್ಲ ಹಾಕಿಕೊಂಡೇ ಕುರ್ಚಿ ಮೇಲೆ ಒಂದು ಕಾಲಿಟ್ಟು ಹತ್ತಿ ನೋಡಿ. ತೊಡೆಸಂದಿನಲ್ಲಿ ಎಳೆದರೆ ಮುಂದಿನ ಸೈಜ್.

ದುಡ್ಡಿನ ಮಾತಿಗೆ ಬಂದರೆ, ನನ್ನ ತೆಳು ವೇಡರ್ ಒಂದರ ಬೆಲೆಗೆ ಎರಡು ನಿಯೋಪ್ರೀನ್ ಬರುತ್ತಿದ್ದವು. ಸೀಸನ್‌ಗೆ ಹತ್ತು ಹನ್ನೆರಡು ಸಲ ಹೋಗುವವನು ನಾನು, ಅದೂ ನಡೆದುಕೊಂಡು, ಜೊತೆಗೆ ಬಿಸಿಲು ಬಂದಮೇಲೂ ಕೂರುವ ಚಪಲ. ಹಾಗಾಗಿ ಕೊಟ್ಟ ದುಡ್ಡಿಗೆ ಬೇಜಾರಿಲ್ಲ. ವರ್ಷಕ್ಕೆ ಎರಡು ಮೂರು ಸಲ, ದೋಣಿಯಲ್ಲಿ ಹೋಗಿ ಅಲುಗಾಡದೆ ಕೂರುವವರಾದರೆ ನಿಯೋಪ್ರೀನೇ ತಗೊಳ್ಳಿ, ಅಷ್ಟು ದುಡ್ಡಿಗೆ ಅಷ್ಟು ಬಿಸಿ ಬೇರೆಯದರಲ್ಲಿ ಸಿಗುವುದಿಲ್ಲ.

ನನ್ನ ಹಳೆಯದನ್ನು ಕೊಂಡವನೂ ಅಂಥ ದೋಣಿಯ ಗೆಳೆಯನೇ. ತೊಡೆಸಂದಿನಲ್ಲಿ ಮುದ್ದೆಮುದ್ದೆಯಾಗಿ ಮೆತ್ತಿದ್ದ ಅಂಟು ನೋಡಿ, "ಇಲ್ಲಿ ಸೋರ್ತಿತ್ತೇನೋ?" ಅಂದ. ಇಲ್ಲ ಕಣೋ, ಯಾವತ್ತೂ ಸೋರಿಲ್ಲ ಅಂದೆ. ನಂಬಲಿಲ್ಲ, ಬೆಲೆ ಇಳಿಸಿಯೇ ತಗೊಂಡು ಹೋದ.