ತುಮಕೂರಿನ ಭಾನುವಾರದ ಕೌನ್ಸೆಲಿಂಗ್ ಕೋರ್ಸ್: ಟೀಚರ್‌ಗಳು ಸೇರಬಹುದಾ?

ತುಮಕೂರಿನಲ್ಲಿ ಭಾನುವಾರ ನಡೆಯುವ ಒಂದು ಕೌನ್ಸೆಲಿಂಗ್ ಕೋರ್ಸ್ ಮುಗಿಸಿದೆ. ನಾನು ಹೈಸ್ಕೂಲ್ ಟೀಚರ್. ಗುಬ್ಬಿ, ಕುಣಿಗಲ್ ಕಡೆಯಿಂದ ಆಶಾ ಕಾರ್ಯಕರ್ತೆಯರು, ಹಾಸ್ಟೆಲ್ ವಾರ್ಡನ್‌ಗಳೂ ಬರುತ್ತಿದ್ದರು. ಖಂಡಿತ ಸೇರಿ. ಆದರೆ ಬೆಳಗಿನ ಪಾಠಕ್ಕಲ್ಲ, ಮಧ್ಯಾಹ್ನದ ಅಭ್ಯಾಸಕ್ಕೆ.

ಬೆಳಗ್ಗೆ ಥಿಯರಿ. ಸ್ಲೈಡ್ ಎಲ್ಲಾ ಇಂಗ್ಲಿಷ್, ಹಿಂದಿನ ಸಾಲಿನವರಿಗೆ ಓದಲೂ ಆಗುತ್ತಿರಲಿಲ್ಲ. 1957ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಬರೆದದ್ದರಲ್ಲಿ ಮೂರು ಮಾತು ಮನಸ್ಸಲ್ಲಿ ಉಳಿಯಿತು. ಎದುರಿನವರ ಜಾಗದಲ್ಲಿ ನಿಂತು ಅವರ ಕಷ್ಟ ತಿಳಿಯಬೇಕು, ಸರಿ ತಪ್ಪು ಅಳೆಯದೆ ಅವರನ್ನು ಒಪ್ಪಿಕೊಳ್ಳಬೇಕು, ಒಳಗೊಂದು ಹೊರಗೊಂದು ಇರಬಾರದು. ಕೇಳುವಾಗ ಸುಲಭ ಅನಿಸುತ್ತೆ.

ಮಧ್ಯಾಹ್ನ ಮೂರು ಮೂರು ಜನರ ಗುಂಪು. ಒಬ್ಬರು ಕಷ್ಟ ಹೇಳಬೇಕು, ಒಬ್ಬರು ಕೇಳಬೇಕು, ಇನ್ನೊಬ್ಬರು ಬಾಯಿ ಬಿಡದೆ ಗಮನಿಸಿ ಬರೆದುಕೊಳ್ಳಬೇಕು. ನಾನು ಬರೆದುಕೊಳ್ಳುತ್ತಿದ್ದಾಗ ವಾರ್ಡನ್ ಒಬ್ಬರು ಎಸ್ಸೆಸ್ಸೆಲ್ಸಿ ಫೇಲಾದ ಹುಡುಗನಾದರು. "ಅಪ್ಪ ಬೋರ್‌ವೆಲ್‌ಗೆ ಅಂತ ತಂದಿದ್ದ ಸಾಲದ ದುಡ್ಡಲ್ಲಿ ನನ್ನ ಟ್ಯೂಷನ್ ಫೀಸ್ ಕಟ್ಟಿದ್ರು" ಅಂದು ತಲೆ ತಗ್ಗಿಸಿದರು. ಕೇಳುತ್ತಿದ್ದ ಆಶಾ ಅಕ್ಕ ತಕ್ಷಣ, "ಹೋಗ್ಲಿ ಬಿಡಪ್ಪ, ಪರೀಕ್ಷೆ-2 ಇದೆಯಲ್ಲ" ಅಂದರು. ನಮ್ಮ ಮೇಡಂ ಅಲ್ಲೇ ತಡೆದರು. "ಅವನು ಪರೀಕ್ಷೆ ವಿಷಯ ಎತ್ತಲಿಲ್ಲ, ಅಪ್ಪನ ವಿಷಯ ಎತ್ತಿದ. ಅದನ್ನೇ ಹಿಡ್ಕೊಳ್ಳಿ." ಮತ್ತೆ ಮೊದಲಿಂದ ಮಾಡಿಸಿದರು. ಈ ಸಲ ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಮುಖ ನೋಡೋಕೇ ಕಷ್ಟ ಆಗ್ತಿದೆ ಅಲ್ವಾ?" ಅಂದರು. ಆಮೇಲೆ ವಾರ್ಡನ್ ಮಾತು ನಿಲ್ಲಲೇ ಇಲ್ಲ. ಆ ಹುಡುಗನ ಕಥೆ ಹೇಳುತ್ತಾ ಹೇಳುತ್ತಾ ತಮ್ಮದೇ ಹಳೆಯದೇನೋ ಹೇಳತೊಡಗಿದರು ಅಂತ ನನಗನ್ನಿಸಿತು. ಬೆಳಗ್ಗೆ ಸ್ಲೈಡಿನಲ್ಲಿ ತೋರಿಸಿದ್ದು ಇದನ್ನೇ ಅಂತ ಎಲ್ಲರಿಗೂ ಅರ್ಥವಾಗಿದ್ದು ಆಗ.

ಎದುರಿಗೆ ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿ ಅನ್ನುವ ನಿಯಮವನ್ನೂ ಕಲಿಸುತ್ತಾರೆ. ಕೌನ್ಸೆಲಿಂಗ್ ಬಗ್ಗೆ ಪುಸ್ತಕ ಬರೆದ ಜೆರಾರ್ಡ್ ಈಗನ್ ಹೇಳಿದ 'ಸೋಲರ್' (SOLER, ಕೇಳುವಾಗ ಹೇಗೆ ಕೂರಬೇಕು ಅನ್ನುವ ಐದು ಸೂತ್ರ) ಅದು. ನಮ್ಮ ಹಳ್ಳಿ ಮಕ್ಕಳಿಗೆ ಇದನ್ನು ಹಾಗೇ ಬಳಸಬೇಡಿ. ಟೀಚರ್ ಕಣ್ಣಿಟ್ಟು ನೋಡಿದರೆ ಬೈಗುಳ ಕಾದಿದೆ ಅಂತಲೇ ಅವರ ಲೆಕ್ಕ. ನಾನು ಈಗ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರುತ್ತೇನೆ, "ಹೋಮ್‌ವರ್ಕ್ ಯಾಕೆ ಮಾಡಿಲ್ಲ" ಅನ್ನುವ ಬದಲು "ನಿನ್ನೆ ಸಂಜೆ ಮನೇಲಿ ಏನೇನಾಯ್ತು" ಅಂತ ಕೇಳುತ್ತೇನೆ, ಉತ್ತರ ನಿಧಾನಕ್ಕೆ ಬರುತ್ತೆ, ಆದರೆ ನಿಜವಾದ ಉತ್ತರ ಬರುತ್ತೆ.

ಇನ್ನು ನನಗೆ ಸಿಟ್ಟು ಬಂದ ವಿಷಯ. ಹೇಳಿದ್ದನ್ನು ಗುಟ್ಟಾಗಿಡಬೇಕು ಅಂತ ಚೆನ್ನಾಗಿ ಕಲಿಸಿದರು, ಯಾವಾಗ ಗುಟ್ಟಾಗಿಡಬಾರದು ಅನ್ನುವುದನ್ನು ಕೊನೆಯಲ್ಲಿ ಗಡಿಬಿಡಿಯಲ್ಲಿ ಮುಗಿಸಿದರು. ಟೀಚರ್‌ಗಳಿಗೆ, ವಾರ್ಡನ್‌ಗಳಿಗೆ ಅದೇ ಮುಖ್ಯ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ನಾವೇ ಅಪರಾಧಿಗಳು. ಹಾಗಾಗಿ "ಯಾರಿಗೂ ಹೇಳಲ್ಲ, ಹೇಳು" ಅಂತ ಮಗುವಿಗೆ ಮಾತು ಕೊಡಲೇಬಾರದು. ಸಾಯುವ ಮಾತು ಬಂದರೂ ಅಷ್ಟೇ. ಒಂಟಿಯಾಗಿ ಬಿಡಬಾರದು, ಮನೆಯವರಿಗೆ ತಿಳಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇದಕ್ಕೆ ಅರ್ಧ ದಿನವಾದರೂ ಇಡಬೇಕಿತ್ತು.

ಸರ್ಟಿಫಿಕೇಟ್ ಸಿಕ್ಕಿತು ಅಂತ ಯಾರೂ ಬೋರ್ಡ್ ಹಾಕಿಕೊಳ್ಳಬೇಡಿ, ಇದು ಅಷ್ಟಕ್ಕೆ ಸಾಲದು. ಕೋರ್ಸ್ ಮುಗಿದ ಮೇಲೆ ಕಷ್ಟದ ಕೇಸ್ ಬಂದರೆ ಯಾರನ್ನು ಕೇಳಬೇಕು ಅಂತ ಸೇರುವ ಮೊದಲೇ ವಿಚಾರಿಸಿ. ನಮಗೆ ಅಂಥವರನ್ನು ಕೊಡಲಿಲ್ಲ. ಬ್ಯಾಚ್‌ನಲ್ಲಿ ಜನ ಜಾಸ್ತಿ ಇದ್ದರೆ ಮುಂದಿನದಕ್ಕೆ ಕಾಯಿರಿ, ಇಲ್ಲಾಂದ್ರೆ ಕೇಳುವ ಸರದಿ ನಿಮಗೆ ಸರಿಯಾಗಿ ಸಿಗುವುದಿಲ್ಲ.