ಸೋಲಾರ್ ಕಂಪನಿಗೆ ಜಮೀನು ಲೀಸ್ ಕೊಡೋದಾ, ಮನೆ ಮೇಲೆ ಹಾಕ್ಸೋದಾ?

ಊರಿಗೆ ಸೋಲಾರ್ ಕಂಪನಿಯೋರು ಜಮೀನು ಕೇಳ್ಕೊಂಡು ಬಂದಾಗ ಎಲ್ರೂ ಪಾವಗಡ ಸೋಲಾರ್ ಪಾರ್ಕಿನ ಲೀಸ್ ಲೆಕ್ಕಾನೇ ಹೇಳ್ತಾರೆ, ಅಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ, ಅದೆಲ್ಲಾ ನಿಜ, ಆದ್ರೆ ಅದು ಬರದ ಸೀಮೆ ಮಾರಾಯ್ರೆ, ನಮ್ಮ ಮಲೆನಾಡಲ್ಲಿ ಭತ್ತ ಬೆಳೆಯೋ ಗದ್ದೇನ ಇಪ್ಪತ್ತೈದು ಇಪ್ಪತ್ತೆಂಟು ವರ್ಷ ಬೇಲಿಯೊಳಗೆ ಹಾಕಿದ್ರೆ ದನ ಎಲ್ಲಿಗೆ ಬಿಡೋದು? ಶಿಕಾರಿಪುರ ಕಡೆ ಮಳೆ ನಂಬ್ಕೊಂಡು ಮೆಕ್ಕೆಜೋಳ ಹಾಕೋ ಖುಷ್ಕಿ ಇದ್ರೆ ಯೋಚ್ನೆ ಮಾಡ್ಬಹುದು. ತೀರ್ಥಹಳ್ಳಿ, ಹೊಸನಗರ ಕಡೆ ಬೇಡ್ವೇ ಬೇಡ.

ಮನೆ ಮೇಲೆ ಹಾಕ್ಸಿದ್ರೆ ಜಮೀನು ಕೈಲೇ ಇರತ್ತೆ, 3 ಕಿಲೋವ್ಯಾಟ್‌ಗೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಸ್ಕೀಮಲ್ಲಿ 78,000 ರೂಪಾಯಿ ಸಬ್ಸಿಡಿ. ಮಳೆಗಾಲದಲ್ಲಿ ಉತ್ಪಾದನೆ ತೀರಾ ಕಮ್ಮಿ, ಮರದ ನೆರಳು ಬಿದ್ರೆ ಇನ್ನೂ ಕಷ್ಟ. ಮುಖ್ಯವಾಗಿ ಬರೀ ಆನ್‌ಗ್ರಿಡ್ (ಬ್ಯಾಟರಿ ಇಲ್ದೆ ಕರೆಂಟ್ ಲೈನಿಗೇ ಜೋಡಿಸೋದು) ಹಾಕಿಸ್ಬೇಡಿ, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದ್ರೆ ಬಿಸಿಲಿದ್ರೂ ಅದು ಆಫ್ ಆಗ್ಬಿಡತ್ತೆ, ಎರಡು ಮೂರು ದಿನ ಕರೆಂಟ್ ಬರದೇ ಇರೋ ನಮ್ಮಂಥ ಊರಿಗೆ ಬ್ಯಾಟರಿ ಇರೋ ಹೈಬ್ರಿಡ್ಡೇ ಸರಿ, ದುಡ್ಡು ಜಾಸ್ತಿ ಆದ್ರೂ ಪರ್ವಾಗಿಲ್ಲ.

ಲೀಸೇ ಅನ್ನೋರು ಅವಧಿ ಮುಗಿದ್ಮೇಲೆ ಕಂಬ, ಕಾಂಕ್ರೀಟು ಕೀಳೋ ಖರ್ಚು ಯಾರದ್ದು ಅಂತ ಅಗ್ರಿಮೆಂಟಲ್ಲೇ ಬರೆಸ್ಕೊಳ್ಳಿ, ಬಾಯಿಮಾತಿಗೆ ಸೈನ್ ಹಾಕ್ಬೇಡಿ.